ರಾಕ್ ಆಲ್ಬಮ್ಮಿನ ಅಭಿಪ್ರಾಯವೂ ಅಧ್ಯಕ್ಷರ ಆಯ್ಕೆಯೂ

ಬಹ್ರೇನಿನಲ್ಲಿ ಆಗಸ್ಟ್ ತಿಂಗಳಿಗೆ ಬೆವರು ಹೇಗೋ, ನಮ್ಮ ಕನ್ನಡಿಗರ ಕೂಟಕ್ಕೆ ಇಂಥ ಪ್ರಸಂಗಗಳು ಹಾಗೆ. ಬೇಡವೆಂದರೂ ಬಂದೇ ಬರುತ್ತವೆ. ಪ್ರತಿ ವರ್ಷ ನಾನು, ಈ ಸಲ ಯಾವ ಗೊಡವೆಗೂ ಹೋಗುವುದಿಲ್ಲ ಎಂದು ಹೆಂಡತಿಯ ಎದುರು ಶಪಥ ಮಾಡುತ್ತೇನೆ. ಅವಳು ತೆಂಗಿನಕಾಯಿ ತುರಿಯುತ್ತ, ತಲೆ ಎತ್ತದೆ, ಆಯಿತು ಎನ್ನುತ್ತಾಳೆ. ವಾರ ಕಳೆಯುವುದರೊಳಗೆ ನಾನು ಆ ಗೊಡವೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ.

ನಾನು ಉಡುಪಿಯ ಕಡೆಯವನು. ಇಲ್ಲಿ ಮನೆ ಮನಾಮಾದ ಸೆಗಯಾ ಬಡಾವಣೆಯಲ್ಲಿ. ಇಪ್ಪತ್ತೈದು ವರ್ಷದಿಂದ ಇಲ್ಲಿನ ಒಂದು ಎ.ಸಿ. ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್. ಯಂತ್ರದ ಶಬ್ದ ಕೇಳಿ ಅದಕ್ಕೆ ಏನು ಕಾಯಿಲೆ ಎಂದು ಹೇಳುವುದು ನನ್ನ ಕೆಲಸ. ಯಂತ್ರದ ಎದುರು ನಾನು ಖಂಡಿತವಾದಿ. ಮನುಷ್ಯರ ಎದುರು ಮಾತ್ರ ದಾಕ್ಷಿಣ್ಯದ ಮುದ್ದೆ. ಯಾರು ಏನು ಕೇಳಿದರೂ ನನ್ನ ಬಾಯಲ್ಲಿ ಬರುವುದು 'ಆಯ್ತು', 'ಚೆನ್ನಾಗಿದೆ', 'ಖಂಡಿತ' ಎಂಬ ಮೂರೇ ಮಾತು. ಕೂಟದಲ್ಲಿ ಈ ರೋಗ ನನ್ನೊಬ್ಬನಿಗೇ ಇದೆ ಎಂದುಕೊಂಡಿದ್ದೆ. ಊರಿಗೆಲ್ಲ ಹರಡಿದೆ ಎಂದು ಈ ವರ್ಷ ತಿಳಿಯಿತು.

ಅಮೆರಿಕದ ಪದ್ಧತಿ

ನಮ್ಮ ಕೂಟದಲ್ಲಿ ಎರಡು ಬಣ. ಒಂದು ಕ್ರಿಕೆಟ್ ಆಡುವವರದು, ಇನ್ನೊಂದು ಬ್ಯಾಡ್ಮಿಂಟನ್ ಆಡುವ ನಮ್ಮದು. ಈಗ ಎರಡೂ ಕಡೆಯವರಿಗೆ ಮಂಡಿನೋವು ಬಂದು ಯಾರೂ ಏನನ್ನೂ ಆಡುವುದಿಲ್ಲ, ಆದರೂ ಬಣ ಉಳಿದಿದೆ. ಅಧ್ಯಕ್ಷಗಿರಿ ಒಂದು ಸಲ ಅವರಿಗೆ, ಒಂದು ಸಲ ನಮಗೆ. ಚುನಾವಣೆ ಎಂಬುದು ನಡೆದದ್ದೇ ಇಲ್ಲ. ಸರದಿ ಬಂದ ಬಣದವರು ಒಂದು ಹೆಸರು ಹೇಳುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಾರೆ.

ಈ ವರ್ಷ ಸರದಿ ನಮ್ಮ ಬ್ಯಾಡ್ಮಿಂಟನ್ ಬಣದ್ದು. ಹೆಸರು ಮಾತ್ರ ಎರಡು ಬಂದುಬಿಟ್ಟವು. ಒಬ್ಬ ಬುದಯ್ಯ ಎಂಬ ಊರಿನಲ್ಲಿರುವ ಇಂಜಿನಿಯರ್, ಮೈಸೂರಿನವನು, ನನ್ನ ಗೆಳೆಯ. ಇನ್ನೊಬ್ಬರು ಮನಾಮಾದಲ್ಲಿ ಹೋಟೆಲು ನಡೆಸುವವರು, ನನ್ನ ಹಾಗೆ ಕರಾವಳಿಯವರು. ಇಬ್ಬರೂ ಹಿಂದೆ ಸರಿಯಲಿಲ್ಲ. ಹಿಂದೆ ಸರಿಯಿರಿ ಎಂದು ಹೇಳುವ ಧೈರ್ಯವೂ ಯಾರಿಗೂ ಬರಲಿಲ್ಲ.

ಆಗ ಬಾಯಿ ತೆರೆದವರು ನಮ್ಮ ಬಣದ ಹಿರಿಯರು. ನಿವೃತ್ತರು. ಮಗನ ಮನೆಯಲ್ಲಿ ಕೂತು ಬೆಳಗ್ಗಿನಿಂದ ಸಂಜೆಯವರೆಗೆ ಅಮೆರಿಕದ ಟಿ.ವಿ. ನೋಡುತ್ತಾರೆ. ಇದೇನು ಹೊಸ ಸಮಸ್ಯೆಯಲ್ಲ, ಅಲ್ಲಿ ದೇಶದ ಅಧ್ಯಕ್ಷರನ್ನು ಆರಿಸುವಾಗಲೂ ಹೀಗೇ ಆಗುತ್ತದೆ, ಮೊದಲು ಒಂದೇ ಪಕ್ಷದವರು ತಮ್ಮತಮ್ಮಲ್ಲೇ ಹೊಡೆದಾಡಿ ಒಬ್ಬನನ್ನು ಉಳಿಸಿಕೊಳ್ಳುತ್ತಾರೆ, ಅದಕ್ಕೆ ಪ್ರೈಮರಿ ಎನ್ನುತ್ತಾರೆ ಎಂದು ವಿವರಿಸಿದರು. ಒಂದು ತಿಂಗಳು ಪ್ರಚಾರ ಮಾಡಲಿ, ಆಮೇಲೆ ಬಣದ ಮೂವತ್ತೆಂಟು ಮನೆಯವರು ಮನೆಗೊಂದರಂತೆ ಮತ ಹಾಕಲಿ ಎಂದು ತೀರ್ಮಾನವಾಯಿತು.

ನನಗೆ ಆ ಪದ್ಧತಿಯ ಮೇಲೆ ಅಷ್ಟೇನೂ ಗೌರವವಿಲ್ಲ. ಎದುರಾಳಿಯ ಜೊತೆ ಜಗಳವಾಡುವ ಮೊದಲು ಮನೆಯವರ ಜೊತೆ ಜಗಳವಾಡಿ ಕೈ ಪಳಗಿಸಿಕೊಳ್ಳುವುದು ಎಂಥ ಬುದ್ಧಿ ಎನಿಸಿತು. ಹೆಂಡತಿಗೆ ಹೇಳಿದೆ. ಇದಕ್ಕೆ ಅಮೆರಿಕ ಯಾಕೆ ಬೇಕು, ನಿಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಜಾಗ ಪಾಲು ಮಾಡಿಕೊಂಡದ್ದೂ ಇದೇ ಪದ್ಧತಿಯಲ್ಲವಾ ಎಂದು ಅವಳು ಕೇಳಿದಳು.

ಎರಡು ನಿಮಿಷದ ಅಭಿಪ್ರಾಯ

ಮೈಸೂರಿನವನ ಬಗ್ಗೆ ಹೇಳಲೇಬೇಕು. ನಾವಿಬ್ಬರೂ ಬಹ್ರೇನಿಗೆ ಬಂದ ಹೊಸತರಲ್ಲಿ ಸೆಗಯಾದ ಒಂದೇ ಕೋಣೆಯಲ್ಲಿ ಇದ್ದವರು. ನನಗೆ ಜ್ವರ ಬಂದಾಗ ಗಂಜಿ ಮಾಡಲು ಹೋಗಿ ಪಾತ್ರೆ ಸುಟ್ಟವನು ಅವನು. ಅವನಿಗೆ ಮದುವೆ ಗೊತ್ತಾದಾಗ ಹುಡುಗಿಯ ಮನೆಗೆ ಫೋನಿನಲ್ಲಿ ಏನು ಮಾತಾಡಬೇಕೆಂದು ಚೀಟಿ ಬರೆದುಕೊಟ್ಟವನು ನಾನು. ಆಮೇಲೆ ಅವನು ದೊಡ್ಡ ಇಂಜಿನಿಯರಾಗಿ ಬುದಯ್ಯಕ್ಕೆ ಹೋದ, ನಾನು ಸೆಗಯಾದಲ್ಲೇ ಉಳಿದೆ. ಆದರೂ ಪ್ರತಿ ಶುಕ್ರವಾರ ಬೆಳಿಗ್ಗೆ ಮನಾಮಾದ ಒಂದು ಚಹಾದಂಗಡಿಯಲ್ಲಿ ಕೂತು ಕರಕ್ ಚಹಾ ಕುಡಿಯುವುದನ್ನು ನಾವು ಬಿಟ್ಟವರಲ್ಲ. ಊರಲ್ಲಿ ನನಗೆ ಇಬ್ಬರು ಅಣ್ಣಂದಿರಿದ್ದಾರೆ. ಆದರೆ ಮನಸ್ಸಿಗೆ ನೋವಾದರೆ ನಾನು ಫೋನು ಮಾಡುವುದು ಇವನಿಗೆ.

ಕೂಟದ ಯಾವ ಕಾರ್ಯಕ್ರಮವಾದರೂ ಕುರ್ಚಿ ಹಾಕಿಸುವವನು, ಮೈಕು ಸರಿಮಾಡುವವನು, ಕೊನೆಗೆ ಕುರ್ಚಿ ಎತ್ತಿಡುವವನು ಅವನೇ. ವೇದಿಕೆಯ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಬರುವ ವರ್ಷ ಅವನ ಕಂಪನಿಯ ಕರಾರು ಮುಗಿಯುತ್ತದೆ, ಮೈಸೂರಿಗೆ ಹೋಗುತ್ತಾನೆ. ಒಂದೇ ಒಂದು ಸಲ ಅಧ್ಯಕ್ಷನಾಗಿ ಹೋಗಬೇಕು ಎಂಬ ಆಸೆಯನ್ನು ಅವನು ನನ್ನ ಹತ್ತಿರ ನಾಚಿಕೊಂಡೇ ಹೇಳಿದ್ದ.

ಪ್ರಚಾರ ಶುರುವಾದ ವಾರವೇ ಅವನ ಮಗಳ ರಾಕ್ ಆಲ್ಬಂ ಹೊರಬಂತು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಇಪ್ಪತ್ತೊಂದು ವರ್ಷ. ಮೂವರು ಗೆಳತಿಯರನ್ನು ಸೇರಿಸಿಕೊಂಡು ಮನೆಯ ಗ್ಯಾರೇಜಿನಲ್ಲಿ ಎರಡು ವರ್ಷ ಬಡಿದು, ಕಿರುಚಿ, ಎಂಟು ಹಾಡು ಮಾಡಿದ್ದಳು. ಅವನು ಅದರ ಲಿಂಕನ್ನು ನನಗೆ ಕಳಿಸಿ, ಹೇಗಿದೆ ಹೇಳೋ ಎಂದು ಬರೆದ. ನಾನು ಆಗ ಹಿದ್ದ್ ಕಡೆಯ ಒಂದು ಕಟ್ಟಡದ ತಾರಸಿಯ ಮೇಲೆ, ಕೆಟ್ಟ ಯಂತ್ರದೊಳಗೆ ತಲೆ ಹಾಕಿಕೊಂಡು ನಿಂತಿದ್ದೆ. ತಲೆ ಹೊರಗೆ ತೆಗೆದು, 'ಫಸ್ಟ್ ಕ್ಲಾಸ್, ಎಲ್ಲರಿಗೂ ಕೇಳಿಸಬೇಕು' ಎಂದು ಬರೆದು ಮತ್ತೆ ಒಳಗೆ ಹಾಕಿದೆ. ಆಲ್ಬಂ ನಲವತ್ತೊಂದು ನಿಮಿಷದ್ದು. ನನ್ನ ಅಭಿಪ್ರಾಯ ಎರಡು ನಿಮಿಷದಲ್ಲಿ ಹೋಗಿತ್ತು.

ಅವನು ನನ್ನ ಮಾತನ್ನು ನಂಬಿ ಲಿಂಕನ್ನು ಬಣದ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿ ಹೊಗಳಿಕೆಯ ಮಳೆ. ಸೂಪರ್, ಅದ್ಭುತ, ಸರಸ್ವತಿ ಕಟಾಕ್ಷ, ಕನ್ನಡದ ಹೆಮ್ಮೆ. ಹಾಡೆಲ್ಲ ಇಂಗ್ಲಿಷಿನಲ್ಲಿತ್ತು. ಸಂಜೆ ಹೊತ್ತಿಗೆ ಒಬ್ಬ ಹಿರಿಯ ಹೆಂಗಸು ಮಾತ್ರ, 'ಮಗುವಿನ ಗಂಟಲು ಬೇಗ ಗುಣವಾಗಲಿ, ಜೇನು ಶುಂಠಿ ಕೊಡಿ' ಎಂದು ಬರೆದರು. ಗುಂಪಿನಲ್ಲಿ ಹಾಡು ಕೇಳಿದವರು ಅವರೊಬ್ಬರೇ.

ಕೈ ತೊಳೆಯುವಲ್ಲಿ ಪ್ರಚಾರ

ಅಮೆರಿಕದಲ್ಲಿ ಪ್ರಚಾರ ಹೇಗೆ ಮಾಡುತ್ತಾರೋ ನಮ್ಮವರಿಗೆ ಗೊತ್ತಿಲ್ಲ. ಗೊತ್ತಿರುವುದು ಊಟ ಹಾಕುವುದು. ಮೊದಲ ಶುಕ್ರವಾರ ಹೋಟೆಲಿನವರು ಕರೆದರು. ನೀರುದೋಸೆ, ಕೋಳಿ ಸಾರು, ಕೋಳಿ ತಿನ್ನದವರಿಗೆ ಗುಳ್ಳ ಬದನೆಯ ಹುಳಿ. ಉಂಡವರು ಎದ್ದು ಕೈ ತೊಳೆಯಲು ಹೋದರೆ ನಲ್ಲಿಯ ಪಕ್ಕದಲ್ಲೇ ಅವರು ಟಿಶ್ಯೂ ಪೇಪರ್ ಹಿಡಿದು ನಿಂತಿದ್ದಾರೆ. ಕೈ ಒದ್ದೆ, ಹೊಟ್ಟೆ ಭಾರ, ಎದುರಿಗೆ ಉಣಿಸಿದವರು. ಆ ಹೊತ್ತಿನಲ್ಲಿ ಇಲ್ಲ ಎನ್ನುವವನು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

"ಈ ಸಲ ನಮ್ಗೆ ಅಲ್ವಾ ಮಾರಾಯ್ರೆ?" ಎಂದು ಅವರು ಕೇಳಿದರು. ಖಂಡಿತ ಎಂದು ನಾನು ಟಿಶ್ಯೂ ತೆಗೆದುಕೊಂಡೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಹಾಗೇ ಒಂದೊಂದು ಖಂಡಿತ ಹೇಳಿ ಒಂದೊಂದು ಟಿಶ್ಯೂ ತೆಗೆದುಕೊಂಡರು. ಕಾರು ಹತ್ತಿದ ಮೇಲೆ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಎಂದೆ. ಏನಿಲ್ಲ, ಮುಂದಿನ ವಾರ ಬುದಯ್ಯದಲ್ಲಿ ಏನು ಹೇಳುತ್ತೀರಿ ಎಂದು ಯೋಚನೆ ಮಾಡುತ್ತಿದ್ದೇನೆ ಎಂದಳು.

ಮುಂದಿನ ಶುಕ್ರವಾರ ಬುದಯ್ಯದಲ್ಲಿ ಬಿಸಿಬೇಳೆಬಾತು, ಮೈಸೂರುಪಾಕು. ಅಲ್ಲೂ ಅದೇ ನಲ್ಲಿ, ಅದೇ ಒದ್ದೆ ಕೈ, ಅದೇ ಸಾಲುಸಾಲು ಖಂಡಿತ. ಟಿಶ್ಯೂ ಬದಲು ಟವೆಲ್ಲು ಇತ್ತು, ಅಷ್ಟೇ ವ್ಯತ್ಯಾಸ.

ಆ ಸಂಜೆ ಇಬ್ಬರೂ ನನಗೆ ಫೋನು ಮಾಡಿದರು. ಮೊದಲು ಮಾಡಿದವರು ಹೋಟೆಲಿನವರು. ಮೂವತ್ತೆಂಟರಲ್ಲಿ ಮೂವತ್ತೇಳು ತಮ್ಮ ಕಡೆಗೆ ಇದೆ, ನಿಮ್ಮ ಮೈಸೂರಿನ ದೋಸ್ತನಿಗೆ ಇರುವುದು ಅವನದೇ ಒಂದು ಮತ, ಪಾಪ, ನೀವಾದರೂ ಮೆಲ್ಲಗೆ ಸಮಾಧಾನ ಹೇಳಿ ಎಂದರು. ಆಯ್ತು ಎಂದು ಫೋನು ಇಟ್ಟೆ. ಮತ್ತೆ ಹೊಡೆದುಕೊಂಡಿತು. ಈ ಸಲ ಮೈಸೂರಿನವನು. ಅವನ ಲೆಕ್ಕದಲ್ಲೂ ಮೂವತ್ತೇಳು, ಅವನಿಗೂ ಹೋಟೆಲಿನವರ ಮೇಲೆ ಅಷ್ಟೇ ಕನಿಕರ. ನಿಮ್ಮ ಕರಾವಳಿಯವರಲ್ಲವಾ, ನೀನೇ ಮೆಲ್ಲಗೆ ಸಮಾಧಾನ ಹೇಳು ಎಂದ. ಅವನಿಗೂ ಆಯ್ತು ಎಂದೆ.

ಮೂರನೆಯ ಹಾಡು

ಬುದಯ್ಯದ ಊಟದ ದಿನ ಇನ್ನೊಂದು ವಿಶೇಷವಿತ್ತು. ಮೈಸೂರುಪಾಕು ತಿಂದು ಎಲ್ಲರೂ ತೂಕಡಿಸುವ ಹೊತ್ತಿಗೆ ಮಗಳ ತಂಡ ಅಂಗಳದಲ್ಲಿ ಹಾಡಿತು. ಎಲ್ಲರಿಗೂ ಕೇಳಿಸಬೇಕು ಎಂದು ನಾನೇ ಬರೆದಿದ್ದೆನಲ್ಲ. ಮೊದಲ ಏಟಿಗೇ ಅಂಗಳದ ಖರ್ಜೂರದ ಮರದಿಂದ ಹಕ್ಕಿಗಳೆಲ್ಲ ಎದ್ದು ಸೌದಿಯ ಕಡೆಗೆ ಹೋದವು. ಜನ ಏಳಲಾರದೆ, ಕೂರಲಾರದೆ, ನಗುಮುಖ ಹೊತ್ತು ಕೂತರು. ನಮ್ಮ ಹಿರಿಯರು ಮಾತ್ರ ಕೊನೆಯತನಕ ಕಣ್ಣು ಮುಚ್ಚಿ, ತಲೆದೂಗುತ್ತ ಆನಂದಪಟ್ಟರು. ಎಂಬತ್ತರ ವಯಸ್ಸಿನಲ್ಲೂ ಎಂಥ ರಸಿಕರು ಎಂದು ಎಲ್ಲರಿಗೂ ಆಶ್ಚರ್ಯ. ಕಿವಿಯ ಯಂತ್ರವನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಂಡಿದ್ದರೆಂದು ಅವರ ಸೊಸೆ ಆಮೇಲೆ ಹೇಳಿದಳು.

ಹೊರಡುವಾಗ ಹುಡುಗಿ ನನ್ನನ್ನು ಬಾಗಿಲಲ್ಲಿ ಹಿಡಿದಳು. "ಅಂಕಲ್, ಡ್ಯಾಡಿ ಹೇಳಿದ್ರು, ನೀವು ಫುಲ್ ಆಲ್ಬಂ ಕೇಳಿದ್ರಂತೆ. ನಿಮಗೆ ಯಾವ್ದು ಇಷ್ಟ ಆಯ್ತು?"

ಎಂಟು ಹಾಡು ಎಂದು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಮೊದಲನೆಯದು ಎಂದರೆ ಅಲ್ಲಿಗೇ ನಿಲ್ಲಿಸಿದೆ ಎಂದುಕೊಳ್ಳುತ್ತಾಳೆ, ಕೊನೆಯದು ಎಂದರೆ ಮುಗಿದದ್ದೇ ಖುಷಿಯಾಯಿತು ಎಂದುಕೊಳ್ಳುತ್ತಾಳೆ. ಯೋಚಿಸಿ, ಮೂರನೆಯದು, ಅದರ ಸಂಗೀತ ಇನ್ನೂ ಕಿವಿಯಲ್ಲಿದೆ ಎಂದೆ.

"ಮೂರನೇದು ಹಾಡಲ್ಲ ಅಂಕಲ್. ನಮ್ಮ ಗ್ಯಾರೇಜಿನ ಎ.ಸಿ. ಸೌಂಡು. ಸುಮ್ನೆ ಒಂದು ನಿಮಿಷ ರೆಕಾರ್ಡ್ ಮಾಡಿ ಹಾಕಿದ್ವಿ."

ಇಪ್ಪತ್ತೈದು ವರ್ಷದ ಸರ್ವಿಸ್ ಇದ್ದವನಿಗೆ ಅದೊಂದೇ ಇಷ್ಟವಾದದ್ದು ಸಹಜವೆಂದು ಹೆಂಡತಿ ನನ್ನ ಪರವಾಗಿ ವಾದಿಸಿದಳು. ಹುಡುಗಿ ನಕ್ಕುಬಿಟ್ಟಳು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ನಕ್ಕು ಮುಗಿಸಿದ ಮೇಲೆ ಅವಳು ಹೇಳಿದ ಮಾತು ನನಗೆ ಇನ್ನೂ ಚುಚ್ಚುತ್ತದೆ. ಎರಡು ವರ್ಷ ಮಾಡಿದ ಕೆಲಸ ಅಂಕಲ್, ಎಲ್ಲರೂ ಸೂಪರ್ ಅಂತಾರೆ, ಯಾರೂ ಕೇಳಿಲ್ಲ, ಒಳ್ಳೆಯದಾಗಿದೆಯಾ ಕೆಟ್ಟದಾಗಿದೆಯಾ ಅಂತ ನನಗೇ ಗೊತ್ತಿಲ್ಲ ಎಂದಳು. ನಿಜವಾಗಿ ಕೇಳಿ, ನಿಜ ಏನನಿಸಿತೋ ಬರೆದು ಗುಂಪಿಗೆ ಹಾಕುತ್ತೀರಾ ಎಂದು ಕೇಳಿದಳು. ಆಯ್ತು ಎಂದೆ. ನನಗೆ ಬರುವುದೇ ಆ ಮಾತು.

ನನ್ನ ವಿಮರ್ಶೆ

ಒಂದು ವಾರ ಕಾರಿನಲ್ಲಿ ಬೇರೇನೂ ಹಾಕಲಿಲ್ಲ. ಸೈಟಿನಿಂದ ಸೈಟಿಗೆ ಹೋಗುವಾಗ ಆ ಎಂಟನ್ನೇ ತಿರುಗಿ ತಿರುಗಿ ಕೇಳಿದೆ. ಕೆಟ್ಟ ಯಂತ್ರದ ಮುಂದೆ ನಿಂತು ಕೇಳುವ ಹಾಗೆ, ಎಲ್ಲಿ ಸರಿಯಾಗಿ ಓಡುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ಕೇಳಿದೆ. ಜೊತೆಗೆ ಬರುವ ಮಲಯಾಳಿ ಟೆಕ್ನಿಷಿಯನ್ ಎರಡನೆಯ ದಿನದಿಂದ ಬಸ್ಸಿನಲ್ಲಿ ಹೋಗತೊಡಗಿದ.

ನಂತರ ಬರೆದೆ. ಒಂದನೆಯ ಹಾಡು ಬೋಲ್ಟು ಬಿಗಿ ಮಾಡದೆ ಚಾಲೂ ಮಾಡಿದ ಕಂಪ್ರೆಸರಿನ ಹಾಗಿದೆ. ಎರಡನೆಯದರಲ್ಲಿ ಡ್ರಮ್ಮು ಅರ್ಧದಿಂದ ಓಡಿಹೋಗುತ್ತದೆ, ಉಳಿದವರು ಹಿಂದಿನಿಂದ ಹಿಡಿಯಲು ಓಡುತ್ತಾರೆ. ಮೂರನೆಯದರ ಬಗ್ಗೆ: ಫಿಲ್ಟರ್ ತೊಳೆಸಿ ಆರು ತಿಂಗಳ ಮೇಲಾಗಿದೆ. ನಾಲ್ಕು, ಐದು, ಆರರಲ್ಲಿ ಕಿರುಚುವ ಅಗತ್ಯವಿರಲಿಲ್ಲ, ಮಾತೇ ಗಟ್ಟಿಯಾಗಿದೆ. ಎಂಟನೆಯದು ಬೇಡವಾಗಿತ್ತು.

ಏಳನೆಯದು ಮಾತ್ರ ಬೇರೆ. ಕಾರ್ಯಕ್ರಮ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಒಬ್ಬ ಅಪ್ಪ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಎತ್ತಿಡುವುದು, ಕಾರಿನಲ್ಲಿ ಕೂತ ಮಗಳು ಗಾಜಿನಿಂದ ಅದನ್ನು ನೋಡುವುದು. ಇಷ್ಟೇ ಹಾಡು. ಅದನ್ನು ಕೇಳಿದ ದಿನ ಸೈಟು ಬಂದರೂ ನಾನು ಕಾರಿನಿಂದ ಇಳಿಯಲಿಲ್ಲ. ಈ ಒಂದು ಹಾಡಿಗಾಗಿ ಉಳಿದ ಏಳನ್ನು ಇನ್ನೂ ನೂರು ಸಲ ಬೇಕಾದರೂ ಕೇಳುತ್ತೇನೆ ಎಂದು ಬರೆದು, ಕಣ್ಣು ಮುಚ್ಚಿ ಗುಂಪಿಗೆ ಕಳಿಸಿದೆ.

ಹತ್ತು ನಿಮಿಷದಲ್ಲಿ ಹುಡುಗಿಯ ಉತ್ತರ ಬಂತು. ಡ್ರಮ್ಮಿನವಳಿಗೆ ಆ ದಿನ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು, ಬೇಗ ಮುಗಿಸಿ ಓಡಬೇಕಿತ್ತು, ನಿಮಗೆ ಹೇಗೆ ಗೊತ್ತಾಯಿತು ಅಂಕಲ್, ಥ್ಯಾಂಕ್ಸ್ ಎಂದು. ಅವಳಿಗೆ ಎಷ್ಟು ಖುಷಿಯಾಗಿತ್ತೋ ಗುಂಪಿಗೆ ಅಷ್ಟೇ ಗಾಬರಿಯಾಗಿತ್ತು. ಕರಾವಳಿಯವನು ಕರಾವಳಿಯವರ ಕಡೆಗೇ ಹೋದ ಎಂದು ಮಾತಾಯಿತು. ಸಂಜೆಗೆ ಹೋಟೆಲಿನವರ ಕಡೆಯವರು ನನ್ನ ಬರಹದ ಎರಡನೆಯ ವಾಕ್ಯವನ್ನು ಮಾತ್ರ ಕತ್ತರಿಸಿ, ಕೆಳಗೆ, 'ಮನೆಯ ಮಗಳಿಗೆ ತಾಳ ಕಲಿಸದವರು ಕೂಟಕ್ಕೆ ಏನು ಕಲಿಸಿಯಾರು?' ಎಂದು ಸೇರಿಸಿ ಹಂಚಿದರು. ಪ್ರೈಮರಿ ಎಂದರೆ ಏನೆಂದು ನನಗೆ ಆಗ ಪೂರ್ತಿ ಅರ್ಥವಾಯಿತು.

ಸಕ್ಕರೆ ಕಡಿಮೆಯ ಚಹಾ

ಮೈಸೂರಿನವನು ಫೋನು ಮಾಡಿದ. ಅವನ ಧ್ವನಿ ಅಷ್ಟು ತಣ್ಣಗಿದ್ದದ್ದನ್ನು ನಾನು ಕೇಳಿರಲಿಲ್ಲ. ಇಷ್ಟು ಜನರ ಎದುರು, ಅದೂ ಈ ಹೊತ್ತಿನಲ್ಲಿ, ನನ್ನ ಮಗಳಿಗೆ ಹೀಗೆ ಮಾಡಿದೆಯಲ್ಲ ಎಂದ. ಅವಳೇ ಕೇಳಿದ್ದು ಎಂದರೆ ನಂಬಲಿಲ್ಲ. ಏಳನೆಯ ಹಾಡು ಕೇಳಿದೆಯಾ ಎಂದು ಕೇಳಿದೆ. ಎಲ್ಲಾ ಕೇಳಿದ್ದೀನಿ, ಎಲ್ಲಾ ಚೆನ್ನಾಗಿದೆ ಎಂದ. ಆ ಸ್ವರ ನನಗೆ ಚೆನ್ನಾಗಿ ಗೊತ್ತು, ಅದು ನನ್ನದೇ ಸ್ವರ. ನೀನು ಕೇಳಿಲ್ಲವೆಂದು ಹೇಳಲು ಹೊರಟೆ. ಅವನು ಫೋನು ಇಟ್ಟುಬಿಟ್ಟ.

ಆಮೇಲೆ ಎರಡು ವಾರ ಮಾತಿಲ್ಲ. ಖಲ್ಲಿವಲ್ಲಿ, ಹೋದರೆ ಹೋಗಲಿ ಎಂದು ಇಲ್ಲಿನವರ ಹಾಗೆ ಕೈ ಕೊಡವಿ ನೋಡಿದೆ. ಆಗಲಿಲ್ಲ. ಊಟ ಸೇರುತ್ತಿರಲಿಲ್ಲ. ಯಾವ ಯಂತ್ರದ ಮುಂದೆ ನಿಂತರೂ ಅವನ ಮಾತೇ ಕೇಳುತ್ತಿತ್ತು. ಇಪ್ಪತ್ತೈದು ವರ್ಷದ ಸ್ನೇಹ ಒಂದು ಡ್ರಮ್ಮಿಗಾಗಿ ಹೋಯಿತಲ್ಲ ಎಂದು ನನಗೆ ಅಳುವೇ ಬರುತ್ತಿತ್ತು.

ಶುಕ್ರವಾರ ಅಭ್ಯಾಸಬಲದಿಂದ ಚಹಾದಂಗಡಿಗೆ ಹೋದೆ. ಅವನೂ ಅಭ್ಯಾಸಬಲದಿಂದ ಬಂದಿದ್ದ. ಒಬ್ಬರನ್ನೊಬ್ಬರು ನೋಡಿ ಬೇರೆ ಬೇರೆ ಮೇಜಿನಲ್ಲಿ ಕೂತೆವು. ಅಂಗಡಿಯವನಿಗೂ ಅಭ್ಯಾಸ. ಎರಡು ಲೋಟ ಕರಕ್ ತಂದು ಎರಡನ್ನೂ ಗೆಳೆಯನ ಮೇಜಿನ ಮೇಲೆ ಇಟ್ಟು ಹೋದ. ನಾನು ಗೋಡೆಯ ಕ್ಯಾಲೆಂಡರು ಓದುತ್ತ ಕೂತೆ. ಅರಬ್ಬಿಯದು. ನನಗೆ ಓದಲು ಬರುವುದಿಲ್ಲ.

ಅವನು ಅಂಗಡಿಯವನನ್ನು ಕರೆದು ಹಿಂದಿಯಲ್ಲಿ, ಆ ಮೇಜಿನವರಿಗೆ ಇದನ್ನು ಕೊಡು, ಸಕ್ಕರೆ ಕಡಿಮೆ ಇರುವುದು ಅವರದು, ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ಅವರಿಗೆ ಜಾಸ್ತಿ ಬಂದಿದೆ ಎಂದ. ಅಂಗಡಿಯವನು ಲೋಟ ತಂದಿಟ್ಟು, ನಿಮ್ಮ ಡಾಕ್ಟರು ಕಳಿಸಿದರು ಎಂದು ಹೇಳಿ ಹೋದ.

ಮೂವತ್ತೆಂಟು ಮನೆ

ಮತದಾನ ಮನಾಮಾದ ಒಂದು ಸಣ್ಣ ಹಾಲಿನಲ್ಲಿ. ಚೀಟಿ ಮಾಡೋಣವೆಂದು ಯಾರೋ ಹೇಳಿದರು. ಹಿರಿಯರು ಬೇಡವೆಂದರು. ಚೀಟಿ ಎಂದರೆ ಮುಚ್ಚುಮರೆ, ಒಂದೇ ಮನೆಯವರ ಹಾಗಿರುವವರಲ್ಲಿ ಮುಚ್ಚುಮರೆ ಯಾಕೆ, ಕೈ ಎತ್ತಿದರೆ ಸಾಕು ಎಂದರು. ಎಣಿಸಲು ಪಕ್ಷಪಾತವಿಲ್ಲದವರು ಬೇಕಾಯಿತು. ಮೈಸೂರಿನವನ ಮಗಳೇ ಆಗಲಿ, ಅವಳಿಗೆ ಇಡೀ ಕೂಟದ ಮೇಲೇ ನಂಬಿಕೆ ಇಲ್ಲ ಎಂದು ಹೋಟೆಲಿನವರೇ ಸೂಚಿಸಿದರು. ಎಲ್ಲರೂ ಒಪ್ಪಿದರು.

ಮನೆಗೊಂದು ಮತವಾದ್ದರಿಂದ ಕೈ ಎತ್ತುವುದು ಗಂಡಸರೆಂದಾಯಿತು, ಅವರವರ ಪಕ್ಕದಲ್ಲಿ ಹೆಂಗಸರು ಕೂತರು. ಮೊದಲು ಮೈಸೂರಿನವನ ಹೆಸರು ಹೇಳಿದರು. ನಾನು ಕೈ ಎತ್ತಿದೆ. ಮಾತು ಬಿಟ್ಟರೇನಂತೆ, ಸ್ನೇಹಿತ ಸ್ನೇಹಿತನೇ. ಸುತ್ತ ನೋಡಿದರೆ ಎಲ್ಲರ ಕೈಯೂ ಮೇಲಿದೆ. ಖಂಡಿತ ಎಂದು ಹೇಳಿಯಾಗಿದೆ, ಎದುರಿಗೆ ಮನುಷ್ಯ ಕೂತಿದ್ದಾನೆ, ಕೈ ಇಳಿಸುವುದು ಹೇಗೆ? ಹೋಟೆಲಿನವರೂ ದಾಕ್ಷಿಣ್ಯಕ್ಕೆ ಕೈ ಎತ್ತಿದ್ದರು. ತನಗೆ ತಾನೇ ಹೇಗೆ ಎತ್ತುವುದೆಂದು ಮೈಸೂರಿನವನೊಬ್ಬ ಸುಮ್ಮನೆ ಕೂತಿದ್ದ. ಹುಡುಗಿ ಎಣಿಸಿ, ಮೂವತ್ತೇಳು ಎಂದಳು.

ನಂತರ ಹೋಟೆಲಿನವರ ಹೆಸರು. ಮತ್ತೆ ಎಲ್ಲರ ಕೈಯೂ ಮೇಲೆ. ಮೈಸೂರಿನವನದೂ ಮೇಲೆ. ಒಬ್ಬರು ಒಂದೇ ಸಲ ಎತ್ತಬೇಕು ಎಂದು ಅಮೆರಿಕದ ಟಿ.ವಿ.ಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲವಂತೆ. ನಲ್ಲಿಯ ಹತ್ತಿರ ಕೊಟ್ಟ ಮಾತು ನನಗೂ ನೆನಪಾಯಿತು, ನೀರುದೋಸೆಯೂ ನೆನಪಾಯಿತು. ನನ್ನ ಕೈ ಅರ್ಧ ಎದ್ದಿತ್ತು. ಪಕ್ಕದಲ್ಲಿದ್ದ ಹೆಂಡತಿ ಮೊಣಕೈ ಹಿಡಿದು, ಕೆಳಗೆ ಎಳೆದು, ಮಡಿಲಲ್ಲಿ ಒತ್ತಿ ಹಿಡಿದಳು.

ನನಗೆ ನಾಚಿಕೆಯಾಯಿತು. ಜೀವನದಲ್ಲಿ ಒಂದು ಸಲವಾದರೂ ಒಂದೇ ಮಾತಿನವನಾಗು ಎಂದು ಅವಳು ಬಾಯಿಬಿಡದೆ ಹೇಳುತ್ತಿದ್ದಾಳೆ ಎನಿಸಿತು. ಕೈಯನ್ನು ಅವಳ ಹಿಡಿತದಲ್ಲೇ ಬಿಟ್ಟೆ. ಹೋಟೆಲಿನವರೂ ಸಂಕೋಚದಿಂದ ತಮಗೆ ತಾವು ಎತ್ತಿರಲಿಲ್ಲ. ಹುಡುಗಿ ಎಣಿಸಿದಳು, ನಿಂತಳು, ಇನ್ನೊಮ್ಮೆ ಎಣಿಸಿದಳು. ಮೂವತ್ತಾರು. ಅವಳ ಕಣ್ಣು ಸಾಲಿನಲ್ಲಿ ಹುಡುಕುತ್ತ ಬಂದು ನನ್ನ ಮೇಲೆ ನಿಂತಿತು. ಅವಳ ಅಪ್ಪನ ಕಣ್ಣೂ ಅದರ ಹಿಂದೆಯೇ ಬಂತು.

ಒಂದು ಮತದಿಂದ ಮೈಸೂರಿನವನು ಗೆದ್ದ. ಹೋಟೆಲಿನವರೇ ಮೊದಲು ಚಪ್ಪಾಳೆ ತಟ್ಟಿ, ಹಾರ ತಂದು ಹಾಕಿದರು. ಆದರೆ ಅವನು ವೇದಿಕೆಗೆ ಹೋಗಲಿಲ್ಲ. ಹಾರ ಹಾಕಿಕೊಂಡೇ ಕುರ್ಚಿಗಳ ನಡುವೆ ನುಗ್ಗಿ ನನ್ನ ಹತ್ತಿರ ಬಂದ.

"ಮೂವತ್ತೇಳು ಜನ ನಂಗೆ ಕೈ ಎತ್ತಿದ್ರು ಕಣೋ. ನಂಗೆ ಮಾತ್ರ ಅಂತ ಎತ್ತಿದ್ದು ನೀನೊಬ್ನೇ," ಎಂದ. ಆಮೇಲೆ, "ನಿನ್ನೆ ಏಳನೇ ಹಾಡು ಕೇಳ್ದೆ. ಇಷ್ಟು ದಿನ ಕೇಳಿರ್ಲಿಲ್ಲ," ಎಂದು ನನ್ನ ಹೆಗಲ ಮೇಲೆ ತಲೆ ಇಟ್ಟ. ಹಾರದ ಗುಲಾಬಿ ನನ್ನ ಮುಖಕ್ಕೆ ಚುಚ್ಚುತ್ತಿತ್ತು. ನಾನು ಅಲ್ಲಾಡಲಿಲ್ಲ. ಸುತ್ತಲಿದ್ದವರು, ಹಾಡನ್ನು ಬೈದರೂ ಮನುಷ್ಯನನ್ನು ಬಿಡಲಿಲ್ಲ ನೋಡಿ, ನೇರ ನಡೆ ಎಂದರೆ ಇದು ಎಂದು ನನ್ನನ್ನು ಹೊಗಳತೊಡಗಿದರು. ನಾನು ಕಣ್ಣೊರೆಸಿಕೊಂಡು ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ತೋಳಿಗೆ ಒತ್ತಿಕೊಂಡೇ ನಿಂತಿದ್ದಳು. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡೆ.

ಕಾರಿನಲ್ಲಿ ಕೂತ ಮೇಲೆ ಅದನ್ನೇ ಅವಳಿಗೆ ಹೇಳಿದೆ. ನೀನು ಕೈ ಹಿಡಿಯದಿದ್ದರೆ ಇವತ್ತು ನನ್ನ ಸ್ನೇಹ ಉಳಿಯುತ್ತಿರಲಿಲ್ಲ, ನನಗೆ ಇಲ್ಲದ ಧೈರ್ಯ ನಿನಗೆ ಎಲ್ಲಿಂದ ಬಂತು ಎಂದು ಕೇಳಿದೆ.

"ಎಂತ ಧೈರ್ಯ ಮಾರಾಯ್ರೆ?" ಎಂದಳು. "ಮೊದಲ್ನೇ ಸಲ ನೀವು ಕೈ ಎತ್ತಿದಾಗ ಕಂಕುಳಲ್ಲಿ ಅಂಗಿ ಇಷ್ಟುದ್ದ ಹರಿದದ್ದು ಕಂಡಿತು. ಎರಡ್ನೇ ಸಲ ಎತ್ತಿದ್ರೆ ಹಿಂದಿನ ಸಾಲಿನ ಹೆಂಗಸರು ನಂಗೆ ಎಂತ ಹೇಳ್ತಿದ್ರು?"